ಹಿಗ್ಗೋ ಅರಿವಿ ಹೊಲಿಯಾಂವಗ ಛಲೋ, ಕೂಡೋರಿಗಲ್ಲ

ಮೊನ್ನೆ ಮಂಗಳವಾರ ನಮ್ಮ ಸಣ್ಣ ವೈನಿ ಫೋನ್ ಮಾಡಿದ್ರು. ದೀಪಾವಳಿಗೆ ಸೋಫಾದ ಅರಿವಿ ಬದಲಿ ಮಾಡಸಲಿಕ್ಕತ್ತಾರಂತ. "ಅಂಗಡ್ಯಾಂವ ಒಂದು ವೆಲ್ವೆಟ್ ತೋರಿಸ್ಯಾನ ನೋಡವಾ, ಕೈ ಇಟ್ರ ಬೆಣ್ಣಿ ಮುಟ್ಟಿಧಂಗ ಆಗತದ. ಎಳದ್ರ ಹಿಗ್ಗತದ, ಒಂದು ನೆರಗಿ ಬೀಳಂಗಿಲ್ಲಂತ. ನವಿಲುಗರಿ ಬಣ್ಣ ತಗೋಳ್ಲೋ, ಮಣ್ಣಿನ ಬಣ್ಣ ತಗೋಳ್ಲೋ, ನೀ ಹೇಳು" ಅಂದ್ರು. ನಾ ಬಣ್ಣದ ಸುದ್ದಿ ಬಿಟ್ಟು ಒಂದ ಮಾತು ಕೇಳಿದೆ: "ವೈನಿ, ಅದು ನೇಯ್ದ ಅರಿವಿಯೋ, ಹೆಣದ ಅರಿವಿಯೋ?" ಅವರು ಸುಮ್ಮನಾದ್ರು. ಆಮ್ಯಾಲೆ ನಕ್ಕು, "ಸೋಫಾದ ಅರಿವಿ ಅಂದ್ರ ಸೋಫಾದ ಅರಿವಿ, ಅದರಾಗ ಎಂಥಾ ನೇಯೋದು, ಎಂಥಾ ಹೆಣಿಯೋದು" ಅಂದ್ರು.

ಮೂರು ವರ್ಷದ ಹಿಂದ ನಾನೂ ಹಿಂಗ ಅಂದಾಕಿ. ಅದಕ್ಕ ಇವತ್ತ ಇಷ್ಟು ಜೋರಾಗಿ ಬರಿಯಾಕತ್ತೀನಿ, ಸಿಟ್ಟು ಮಾಡ್ಕೋಬ್ಯಾಡ್ರಿ.

ನಮ್ಮ ಮನ್ಯಾಗಿನ ಸಾಗವಾನಿ ಸೋಫಾ ನೀವೆಲ್ಲಾ ನೋಡೀರಿ. ಮಾವನವರು ಇದ್ದಾಗ ಬಡಿಗ್ಯಾರನ್ನ ಮನಿಗೆ ಕರಿಸಿ ಮಾಡಿಸಿದ್ದು, ಕಟ್ಟಿಗಿಗೆ ಇನ್ನೂ ಏನೂ ಆಗಿಲ್ಲ. ಮಗಳ ನಿಶ್ಚಯ ಗೊತ್ತಾದ ಮ್ಯಾಲೆ ಗಾದಿಗಳಿಗೆ ಹೊಸಾ ಅರಿವಿ ಹಾಕಸೋಣು ಅಂತ ಮಾತಾತು. ನಮ್ಮ ಅತ್ತಿಯವರು ಅದಕ್ಕಂತ ತಮ್ಮ ಪೆನ್ಶನ್ ರೊಕ್ಕ ಕೊಟ್ರು. ನಾನೂ ನಮ್ಮ ಮನಿಯವರೂ ಹೋಗಿ ವೈನಿಯವರು ಹೇಳಿಧಂಥಾದ್ದನ್ನ ಹತ್ತು ಮೀಟರ್ ತಂದ್ವಿ. ಬೆಣ್ಣಿಯಂಥಾದ್ದು, ಹಿಗ್ಗೋವಂಥಾದ್ದು. ಅತ್ತಿಯವರು ಅದನ್ನ ಒಮ್ಮೆ ಎರಡೂ ಕೈಲೆ ಎಳದು ನೋಡಿ, "ಇದು ಬನಿಯನ್ ಅರಿವಿ ಇದ್ಧಂಗ ಅದ ಅಲ್ಲಾ?" ಅಂದ್ರು. ನಮಗ ನಗು ಬಂತು. ಮೀಟರಿಗೆ ಅಷ್ಟು ರೊಕ್ಕ ಕೊಟ್ಟು ತಂದದ್ದು ಬನಿಯನ್ ಹೆಂಗ ಆದೀತು ಅಂತ.

ಬನಿಯನ್ನ ಆಗಿತ್ತು ನೋಡ್ರಿ ಅದು. ಅತ್ತಿಯವರು ಮೊದಲನೇ ದಿವಸ ಒಂದ ಮಾತಿನಾಗ ಹೇಳಿದ್ದನ್ನ ತಿಳಕೊಳ್ಳಾಕ ನಮಗ ಎಂಟು ತಿಂಗಳು ಬೇಕಾತು.

ನಿಶ್ಚಯದ ದಿವಸ ಎಲ್ಲಾರೂ ಹೊಗಳಿದ್ರು. ಶ್ರಾವಣ ಬರೋದ್ರಾಗ ಕೂಡೋ ಜಾಗದಾಗ ಅರಿವಿ ಸಡಿಲ ಬಿತ್ತು, ಹಳೇ ಪಾಯಜಾಮದ ಮೊಣಕಾಲು ಉಬ್ಬಿ ಜೋತಾಡತದಲ್ಲಾ, ಹಂಗ. ಎದ್ದು ಹೋದ ಮ್ಯಾಲೂ ಕೂತವರ ಗುರುತು ಉಳಿಯೋದು. ನಾ ದಿವಸಾ ಮುಂಜಾನೆ ಅದನ್ನ ತಟ್ಟಿ, ಎಳದು, ಹಿಂದ ತುರುಕಿ ಇಡಾಕಿ. ಸಂಜಿಗೆ ಮತ್ತ ಹಂಗ. ಒಂದು ದಿವಸ ನನ್ನ ಕಾಲುಂಗುರಕ್ಕ ಒಂದು ಎಳಿ ಸಿಕ್ಕಿ ಹರೀತು. ಅಲ್ಲಿಂದ ಮ್ಯಾಲಕ ಏಣಿಯಂಗ ಒಂದು ಗೆರಿ ಓಡಿ ಹೋತು. ಅಂಗಡ್ಯಾಂವನ್ನ ಕೇಳಿದ್ರ, "ಬಾಯಾರ, ನೀವು ಒಂದ ಜಾಗದಾಗ ಭಾಳ ಕೂಡತೀರಿ" ಅಂದ! ಸೋಫಾ ಇರೋದು ಮತ್ಯಾಕ? ಪೂಜಾ ಮಾಡಾಕ?

ಅತ್ತಿಯವರು ಮಾತ್ರ ಒಂದು ಮಾತೂ ಆಡಲಿಲ್ಲ. ಮಾವನವರ ಒಂದು ಹಳೇ ಧೋತ್ರ ನಾಲ್ಕು ಮಡಿಕಿ ಮಾಡಿ ತಾವು ಕೂಡೋ ಜಾಗದ ಮ್ಯಾಲೆ ಹಾಸ್ಕೊಂಡ್ರು. ಅರಿವಿ ಸಡಿಲಾಗಿ ಕೆಳಗ ಜಾರತಿತ್ತು, ಏಳೋವಾಗ ಅವರಿಗೆ ಊರುಗೋಲು ಹಿಡಿದ್ರೂ ಆಧಾರ ಸಿಗತಿರಲಿಲ್ಲ. ಧೋತ್ರ ಹಾಸಿದ ಮ್ಯಾಲೆ ಸರಿ ಹೋತು. ತಮ್ಮ ರೊಕ್ಕದಲೆ ತಂದ ವೆಲ್ವೆಟ್ ಮ್ಯಾಲೆ ಧೋತ್ರ ಹಾಸ್ಕೊಂಡು ಕೂತದ್ದನ್ನ ನೋಡಿ ನನಗ ಆದ ಸಂಕಟ ಹೇಳಾಕ ಬರಂಗಿಲ್ಲ.

ಅಲ್ರಿ, ನಾವು ಅರಿವಿ ಗೊತ್ತಿಲ್ಲದ ಮಂದಿ ಏನು? ಇಳಕಲ್ ಸೀರಿ ತಗೋಳೋವಾಗ ಸೆರಗು ಮೈಗೆ ಕೂಡಿದಲ್ಲೆ ಕುಣಿಕಿ ಸರಿ ಬಿದ್ದಾವೇನು ಅಂತ ಮಗಚಿ ನೋಡತೀವಿ. ಗುಳೇದಗುಡ್ಡದ ಖಣ ಬೆಳಕಿಗೆ ಹಿಡದು ನೋಡತೀವಿ. ಸೋಫಾದ ಅಂಗಡಿಗೆ ಹೋದ ಕೂಡ್ಲೆ ಬಣ್ಣ ಯಾವದು, ಪಡದಾಕ್ಕ ಹೊಂದತದೇನು, ಇಷ್ಟ ಕೇಳಿ ರೊಕ್ಕ ಎಣಿಸಿ ಬರತೀವಿ. ಹತ್ತು ಮಂದಿ ಹತ್ತು ವರ್ಷ ಕೂಡೋ ಅರಿವಿಗೆ ಒಂದು ಖಣಕ್ಕ ಕೊಟ್ಟಷ್ಟು ಲಕ್ಷ್ಯ ಕೊಡಂಗಿಲ್ಲ.

ಫರಕು ಇರೋದು ಇಷ್ಟ. ನೇಯ್ದ ಅರಿವಿಯೊಳಗ ಎರಡು ಥರದ ಎಳಿ ಇರತಾವ. ಮಗ್ಗದ ಮ್ಯಾಲೆ ಉದ್ದಕ ಬಿಗಿದು ಕಟ್ಟಿದ್ದು ಹಾಸು; ಲಾಳಿಯಿಂದ ಅಡ್ಡ ಹಾಯಿಸೋದು ಹೊಕ್ಕು. ಒಂದರ ಮ್ಯಾಲೆ ಒಂದು, ಒಂದರ ಕೆಳಗ ಒಂದು ಹಾದು ಎರಡೂ ಒಂದನ್ನೊಂದು ಒತ್ತಿ ಹಿಡಿಯತಾವ. ಎಳಿ ಹೆಚ್ಚುಕಡಿಮಿ ನೆಟ್ಟಗ ಇರತದ. ಅದಕ್ಕ ಉದ್ದಕ ಎಳೀರಿ, ಅಡ್ಡಕ ಎಳೀರಿ, ಬರಂಗಿಲ್ಲ. ಓರೆಯಾಗಿ ಮೂಲಿಯಿಂದ ಮೂಲಿಗೆ ಎಳದ್ರ ಮಾತ್ರ ಸ್ವಲ್ಪ ಬರತದ. ಅರಿವಿ ಅಂಗಡ್ಯಾಗ ತುದಿಗೆ ಸ್ವಲ್ಪ ಕತ್ತರಿ ಆಡಿಸಿ ಟರ್ರ್ ಅಂತ ಹರೀತಾರಲ್ಲ, ಗೆರಿ ಹೊಡಧಂಗ ನೆಟ್ಟಗ ಹರೀತದಲ್ಲ, ಅದು ನೇಯ್ದದ್ದಕ್ಕ ಮಾತ್ರ ಸಾಧ್ಯ. ಬನಿಯನ್ ಹಂಗ ಹರದು ನೋಡ್ರಿ, ಆಗಂಗಿಲ್ಲ.

ಹೆಣದ ಅರಿವಿ ಅಂದ್ರ ಸ್ವೆಟರಿನ ಜಾತಿ. ಅದರಾಗ ಹಾಸು ಹೊಕ್ಕು ಇಲ್ಲ, ಬರೇ ಕುಣಿಕಿ. ಒಂದು ಕುಣಿಕಿಯೊಳಗ ಇನ್ನೊಂದು, ಅದರೊಳಗ ಮತ್ತೊಂದು. ನಾವು ಸಣ್ಣವರಿದ್ದಾಗ ಹಳೇ ಸ್ವೆಟರ್ ಬಿಚ್ಚೋವಾಗ ನಮ್ಮ ಎರಡೂ ಕೈ ಮುಂದ ಚಾಚಿಸಿ ಅದಕ್ಕ ಉಣ್ಣಿ ಸುತ್ತತಿದ್ರು, ನೆನಪದ ಏನು? ಬಿಚ್ಚಿದ ಉಣ್ಣಿ ನೆಟ್ಟಗ ಇರತಿರಲಿಲ್ಲ, ಶಾವಿಗಿಯಂಗ ಡೊಂಕುಡೊಂಕು ಇರತಿತ್ತು. ಆ ಡೊಂಕಿನಾಗನ ಹಿಗ್ಗೋ ಗುಟ್ಟು ಅದ. ಹೆಣದ ಅರಿವಿ ಎಳದ್ರ ನೂಲು ಹಿಗ್ಗಬೇಕಂತಿಲ್ಲ; ಡೊಂಕಿದ್ದ ಕುಣಿಕಿ ತನ್ನ ಆಕಾರ ಬದಲಿ ಮಾಡಿ ಉದ್ದ ಆಗತದ. ಬಿಟ್ರ ತಿರುಗಿ ಬರಬೇಕು. ನಾಲ್ಕು ಸಲ ಬರತದ, ನಾಲ್ಕುನೂರು ಸಲ ಬರತದ. ಮ್ಯಾಲೆ ಎಪ್ಪತ್ತು ಕಿಲೋ ಮನಿಷಾ ಮೂರು ತಾಸು ಕೂತು ಕ್ರಿಕೆಟ್ ನೋಡಿ ಎದ್ರ, ಅದೂ ದಿವಸಾ, ಎಲ್ಲೀತನಕ ಬಂದೀತು? ತಿರುಗಿ ಬರಲಿ ಅಂತ ನೂಲಿನ ಸಂಗಡ ಸ್ಪ್ಯಾಂಡೆಕ್ಸ್ ಕೂಡಿಸತಾರ. ಅದಕ್ಕ ಸುಡೋ ಬಿಸಿ ಆಗಿ ಬರಂಗಿಲ್ಲ, ಬ್ಲೀಚಿಂಗ್ ನೀರು ಆಗಿ ಬರಂಗಿಲ್ಲ. ನಮ್ಮ ಚೈತ್ರದ ಬಿಸಿಲಿಗೆ ಗಚ್ಚಿನ ಮ್ಯಾಲೆ ಹಾಕಿ ಒಣಗಿಸಿ ನೋಡ್ರಿ, ಎಷ್ಟು ದಿವಸ ತಡದೀತು.

ನವಲಗುಂದ ನಮಗೇನು ದೂರ ಇಲ್ಲ. ಅಲ್ಲೆ ಹೆಣ್ಮಕ್ಕಳು ನಿಂತ ಮಗ್ಗದ ಮುಂದ ಕೂತು ಜಮಖಾನ ನೇಯತಾರ, ಊರಿನ ಹೆಸರಿಲೆ ಭೌಗೋಳಿಕ ಗುರುತು ಸಿಕ್ಕ ಕಸಬು ಅದು. ಹೊಕ್ಕಿನ ಎಳಿ ಹಾಯಿಸಿ ಹಾಯಿಸಿ ಕುಟ್ಟಿ ಕೂಡಸತಾರ, ಹಾಸು ಕಣ್ಣಿಗೆ ಕಾಣಧಂಗ ಮುಚ್ಚಿ ಹೋಗತದ. ಅದರ ಮ್ಯಾಲೆ ಮದವಿ ಮುಂಜಿವಿ ಆಗ್ಯಾವ, ಭಜನಿ ಆಗ್ಯಾವ, ಹುಡುಗೂರು ಹೊರಳಾಡ್ಯಾರ. ಎಲ್ಲಿಯರ ಉಬ್ಬಿ ಜೋತು ಬಿದ್ದ ಜಮಖಾನ ನೋಡೀರೇನು? ಹಳೇದಾಗತದ, ಬಣ್ಣ ಮಾಸತದ, ಅಂಚು ಸವೀತದ. ಜೋತು ಬೀಳಂಗಿಲ್ಲ. ಮೈಗೆ ಬನಿಯನ್ ಬೇಕು, ಯಾಕಂದ್ರ ಮೈ ಬಾಗತದ, ಏಳತದ, ಕೈ ಎತ್ತತದ. ಸೋಫಾ ಎಲ್ಲೆ ಕೈ ಎತ್ತತದ?

ಹಂಗಾದ್ರ ಅಂಗಡ್ಯಾಂವ ಯಾಕ ಹಿಗ್ಗೋದನ್ನ ಹಿಡಕೊಂಡು ಕೂಡತಾನ? ಇದು ನನಗ ತಿಳಿದದ್ದು ನಮ್ಮ ಗಾದಿ ಎರಡನೇ ಸಲ ಹೊಲಿಯಾಕ ಬಂದ ವಯಸ್ಸಾದ ಕಾರಾಗೀರನ ಬಾಯಿಂದ. ನೇಯ್ದ ಅರಿವಿ ಕತ್ತರಿಸಬೇಕಾದ್ರ ಅಳತಿ ಕರೆಕ್ಟ್ ಇರಬೇಕು. ಅರ್ಧ ಇಂಚು ಹೆಚ್ಚುಕಡಿಮಿ ಆದ್ರ ಮೂಲ್ಯಾಗ ನೆರಗಿ ಕಾಣತದ. ಕತ್ತರಿಸಿದ ತುದಿ ಎಳಿ ಬಿಚ್ಚತದ, ಅದಕ್ಕ ಒಳಗ ಅರಿವಿ ಜಾಸ್ತಿ ಬಿಟ್ಟು ಓವರ್‌ಲಾಕ್ ಹಾಕಬೇಕು. ದುಂಡಗಿನ ಕೈ ಇದ್ರ ತುಂಡು ಕೂಡಿಸಿ ಹೊಲಿಗಿ ಹಾಕಬೇಕು. ಹೆಣದ ಅರಿವಿಗೆ ಇಷ್ಟು ತ್ರಾಸು ಇಲ್ಲ. ಅಂದಾಜಿಲೆ ಕತ್ತರಿಸು, ಎಳಿ, ಸ್ಟೇಪ್ಲರ್ ಹೊಡಿ. ತಪ್ಪು ಕತ್ತರಿಸಿದ್ದನ್ನೆಲ್ಲಾ ಅದು ಹಿಗ್ಗಿ ಮುಚ್ಚಿ ಬಿಡತದ. ಒಂದು ದಿವಸದ ಕೆಲಸ ಅರ್ಧ ದಿವಸಕ್ಕ ಮುಗೀತದ. ಆ ಮುತ್ಯಾ ನಕ್ಕೋತ ಅಂದ: "ಅವ್ವಾರ, ಅದು ನಮಗ ಛಲೋ ಅರಿವಿ." ನಾ ಹೇಳೋದೂ ಅದನ. ಹೊಲಿಯಾಂವಗ ಉಳಿದ ಅರ್ಧ ದಿವಸದ ತ್ರಾಸನ್ನ ನಾವು ಮನ್ಯಾಗ ಐದು ವರ್ಷ ದಿವಸಾ ಐದೈದು ನಿಮಿಷ ತಟ್ಟಿ ತುರುಕಿ ತೀರಿಸತೀವಿ. ನಾವು ಅಂದ್ರ ಯಾರು? ನಾವ, ಹೆಣ್ಮಕ್ಕಳು. ನಮ್ಮ ಮನಿಯವರಾಗಲಿ ನಿಮ್ಮ ಮನಿಯವರಾಗಲಿ ಎದ್ದ ಮ್ಯಾಲೆ ಸೋಫಾದ ಅರಿವಿ ಸರಿ ಮಾಡಿದ್ದನ್ನ ಯಾರರ ನೋಡಿದ್ರ ತಿಳಸ್ರಿ.

ಇದಕ್ಕ ಮೌಶಿಯವರ ಉತ್ತರ ನನಗ ಮೊದಲ ಗೊತ್ತದ. "ಇಷ್ಟೆಲ್ಲಾ ಯಾಕ, ಆನ್‌ಲೈನ್‌ನಾಗ ಹಿಗ್ಗೋ ಕವರ್ ಸಿಗತಾವ, ಏರಿಸಿದ್ರ ಆತು, ಹೋದ್ರ ಇನ್ನೊಂದು." ಖರೇ, ಅಗ್ಗ. ಅದರ ಸಂಗಡ ಉದ್ದನ್ನ ಸ್ಪಂಜಿನ ಕೋಲು ಕೊಡತಾರ, ಸಂದಿಯೊಳಗ ತುರುಕಿ ಅರಿವಿ ಹಿಡಿದು ನಿಲ್ಲಸಾಕ. ಅರಿವಿ ತಾನಾಗಿ ನಿಲ್ಲಂಗಿಲ್ಲ ಅಂತ ಮಾಡಿದವರಿಗೇ ಗೊತ್ತದ ಅಂದಂಗಾತಲ್ಲ. ಬಾಡಗಿ ಮನಿ, ಮಾಲಕರದ ಸೋಫಾ, ಎರಡು ವರ್ಷದ ಕೂಸು ಹಾಲು ಚೆಲ್ಲತದ ಅಂದ್ರ ಕವರ್ ಹಾಕ್ರಿ, ಕಳಚಿ ಒಗೀಬಹುದು. ಪುಣೆದಾಗ ನನ್ನ ಮಗಳೂ ಹಾಕ್ಯಾಳ, ನಾ ಬ್ಯಾಡ ಅಂದಿಲ್ಲ. ಸ್ವಂತ ಮನಿ, ಸ್ವಂತ ಸೋಫಾ ಇಟ್ಕೊಂಡು ಅದನ್ನ ಖಾಯಂ ಉಪಾಯ ಅಂತ ತಿಳಕೊಂಡ್ರ ಮಾತ್ರ ನಾ ಜಗಳಕ್ಕ ಬರತೀನಿ.

ಇನ್ನೊಂದು ಬಾಣ ಅಂಗಡ್ಯಾಂವನ ಹತ್ರ ಇರತದ. ತುಣುಕಿನ ಹಿಂದ ಚೀಟಿ ತೋರಿಸಿ, "ಮೂವತ್ತು ಸಾವಿರ ಸಲ ತಿಕ್ಕಿದ್ರೂ ಏನೂ ಆಗಂಗಿಲ್ಲ ನೋಡ್ರಿ" ಅಂತಾನ. ಆ ಸಂಖ್ಯಾ ಸುಳ್ಳಲ್ಲ. ಮಾರ್ಟಿಂಡೇಲ್ ಅಂತ ಒಂದು ಯಂತ್ರ ಅದ. ಅರಿವಿ ತುಣುಕನ್ನ ಉಣ್ಣಿ ಅರಿವಿ ಮ್ಯಾಲೆ ಸುತ್ತಿ ಸುತ್ತಿ ತಿಕ್ಕತದ, ಎಳಿ ಹರಿಯೋತನಕ. ಮನಿ ಬಳಕಿಗೆ ಸಾಮಾನ್ಯವಾಗಿ 15,000ದಿಂದ 25,000 ಸಾಕು ಅಂತಾರ. ಆ ಪರೀಕ್ಷಾದೊಳಗೂ ಲೆಕ್ಕ ಬ್ಯಾರೆ ಬ್ಯಾರೆ ನೋಡ್ರಿ: ನೇಯ್ದ ಅರಿವಿಯೊಳಗ ಎರಡು ಎಳಿ ಪೂರ್ತಿ ಹರದ್ರ ಮುಗೀತು ಅಂತಾರ, ಹೆಣದದ್ದರೊಳಗ ಒಂದ ಎಳಿ ಹರದು ತೂತು ಬಿದ್ರ ಸಾಕು, ಮುಗೀತು. ಒಂದು ಕುಣಿಕಿ ಹೋದ್ರ ಮುಂದೇನಾಗತದ ಅಂತ ನಿಯಮ ಬರದವರಿಗೂ ಗೊತ್ತಿತ್ತು. ಮತ್ತ ಆ ಯಂತ್ರ ತಿಕ್ಕತದ ಅಷ್ಟ, ಕೂಡಂಗಿಲ್ಲ. ಅರಿವಿ ಜೋತು ಬೀಳತದೋ ಇಲ್ಲೋ ಅನ್ನೋದನ್ನ ಆ ಸಂಖ್ಯಾ ಹೇಳಂಗಿಲ್ಲ. ನಮ್ಮ ಬೆಣ್ಣಿ ವೆಲ್ವೆಟ್ ಸವಿದಿರಲಿಲ್ಲ, ಸವೆಯೋಕಿಂತ ಮೊದಲನ ಜೋತು ಬಿತ್ತು.

ಹೆಣದದ್ದೆಲ್ಲಾ ಕೆಟ್ಟದ್ದು ಅನ್ನಾಕತ್ತಿಲ್ಲ ನಾ. ಅದರಾಗೂ ಜಾತಿ ಅದಾವ. ಬನಿಯನ್ ಥರ ಒಂದ ಎಳಿ ಅಡ್ಡಡ್ಡ ಹೋಗಿ ಹೆಣದದ್ದು ಒಂದು. ನೂರಾರು ಎಳಿ ಉದ್ದಕ ಇಳದು ಪಕ್ಕದ ಎಳಿ ಜೋಡಿ ಕುಣಿಕಿ ಹಾಕ್ಕೋತ ಹೋಗೋದು ಇನ್ನೊಂದು, ಟ್ರೈಕಾಟ್ ಅಂತಾರ. ಇದು ಅಷ್ಟು ಹಿಗ್ಗಂಗಿಲ್ಲ, ಏಣಿಯಂಗ ಬಿಚ್ಚಿಕೊಂಡೂ ಹೋಗಂಗಿಲ್ಲ. ಕಾರಿನ ಸೀಟಿಗೆ ಇಂಥಾ ಅರಿವಿ ಫೋಮಿಗೆ ಅಂಟಿಸಿ ಹಾಕತಾರ, ಅಲ್ಲೆ ಸರಿ. ಮೊಟ್ಟಿಯಂಗ ದುಂಡಗಿರೋ ಕುರ್ಚಿಗೆ ನೇಯ್ದದ್ದು ಹಾಕಿದ್ರ ಬರೇ ಹೊಲಿಗಿನ ಕಾಣತಾವ, ಅಲ್ಲೂ ಹೆಣದದ್ದು ಸರಿ. ಈಗಿನ ಫೋಮ್ ಗಾದಿಗಳಿಗೆ ಹೆಣದ ಅರಿವಿ ಹಾಕತಾರ, ಮಲಗಿದವರ ಮೈಗೆ ತಕ್ಕಂಗ ತಗ್ಗಲಿ ಅಂತ. ಅದಕ್ಕೂ ನನ್ನ ತಕರಾರಿಲ್ಲ. ರೆಕ್ಸಿನ್ ಹಿಂದ ಮಗಚಿ ನೋಡ್ರಿ, ಭಾಳಷ್ಟು ಸಲ ಅಲ್ಲೂ ಹೆಣದ ಅರಿವಿನ ಇರತದ, ಮೂಲ್ಯಾಗ ತಿರುಗಲಿ ಅಂತ.

ನೇಯ್ದದ್ದೆಲ್ಲಾ ಛಲೋ ಅಂತನೂ ಅಲ್ಲ. ಬಾಜೂ ಮನಿ ಕಾಕೂನವರು ದಪ್ಪ ಶೆನಿಲ್ ಹಾಕಿಸಿದ್ರು, ನೇಯ್ದದ್ದ. ಎಳಿ ವಿರಳ ಇದ್ದುವು, ಹೊಲಿಗಿ ಹತ್ರ ಎಳಿ ಸರದು ಸರದು ಕಿಟಕಿ ತೆರಧಂಗ ಆತು. ಜಕಾರ್ಡ್ ಹೂವಿನ ಅರಿವಿಯೊಳಗ ಎಳಿ ಮ್ಯಾಲೆ ಉದ್ದಕ ತೇಲತಿದ್ರ ಬಳಿಗೆ ಸಿಗತಾವ. ಬಿಗಿಯಾಗಿ ನೇಯ್ದದ್ದು ಬೇಕು, ಉಗುರಿಲೆ ಎಳಿ ಸರಿಸಿದ್ರ ಸರೀಬಾರದು. ಆದ್ರ ನೇಯ್ದದ್ದರಾಗ ಒಂದು ಎಳಿ ಹರದ್ರ ಅಲ್ಲೇ ನಿಲ್ಲತದ, ರಫೂ ಮಾಡಾಕ ಬರತದ. ಮಷೀನಿನಾಗ ಹೆಣದ ಆ ವೆಲ್ವೆಟ್ಟಿಗೆ ರಫೂ ಮಾಡಾಂವ ನನಗಂತೂ ಸಿಗಲಿಲ್ಲ.

ವೆಲ್ವೆಟ್ ಅನ್ನೋ ಹೆಸರಿಗಂತೂ ಮರುಳಾಗಬ್ಯಾಡ್ರಿ. ಅದು ಮ್ಯಾಲಿನ ರೋಮದ ಹೆಸರು, ಕೆಳಗಿನ ಅರಿವಿದಲ್ಲ. ನೇಯ್ದ ವೆಲ್ವೆಟ್ಟನ್ನ ಹೆಚ್ಚಾಗಿ ಎರಡು ಅರಿವಿ ಎದುರಾಬದರು ಒಮ್ಮೆಲೆ ನೇಯ್ದು, ನಡಬರಕ ಇರೋ ಎಳಿಗಳನ್ನ ಅಲಗಿಲೆ ಕೊಯ್ದು ಬ್ಯಾರೆ ಮಾಡತಾರ. ಹೆಣದ ವೆಲ್ವೆಟ್ಟೂ ಅದ, ಮ್ಯಾಲಿಂದ ನೋಡಿದ್ರ ತಂಗಿ ಅಕ್ಕ ಇದ್ಧಂಗ. ಸ್ವೇಡ್ ಅನ್ನೋದರ ಕಥಿನೂ ಹಿಂಗ. ಎರಡನ್ನೂ ತಿರುವಿ ಹಿಂಬದಿ ನೋಡಬೇಕು. ಹಿಂದ ಬ್ಯಾರೆ ಅರಿವಿ ಅಂಟಿಸಿದ್ರ ಕತ್ತರಿಸಿದ ತುದಿಯಾಗ ಎರಡೂ ಪದರು ಬಿಡಿಸಿ ನೋಡ್ರಿ.

ನೋಡೋದು ಹೆಂಗ ಅಂದ್ರ, ತುದಿಯಿಂದ ಒಂದು ಎಳಿ ಸೂಜಿಲೆ ಎಬ್ಬಿಸಿ ಎಳೀರಿ. ಉದ್ದಕ ಒಂದು, ಅಡ್ಡಕ ಒಂದು ನೆಟ್ಟಗಿನ ಎಳಿ ಬಂದ್ರ ನೇಯ್ದದ್ದು. ಶಾವಿಗಿ ಬಂದ್ರ, ಇಲ್ಲಾ ಏನೂ ಬರದೇ ಕುಣಿಕಿಗೆ ಕುಣಿಕಿ ಸಿಕ್ಕೊಂಡ್ರ ಹೆಣದದ್ದು. ಬರೇ ಹಿಗ್ಗತದೋ ಇಲ್ಲೋ ನೋಡಿದ್ರ ಸಾಲದು, ಯಾಕಂದ್ರ ನೇಯ್ದದ್ದರಾಗೂ ಸ್ಪ್ಯಾಂಡೆಕ್ಸ್ ಕೂಡಿಸಿದ್ರ ಹಿಗ್ಗತದ. ನಿಮ್ಮ ಹುಡುಗ್ಯಾರ ಜೀನ್ಸ್ ಪ್ಯಾಂಟ್ ನೋಡ್ರಿ. ಫೋನಿನ ಕ್ಯಾಮೆರಾದಾಗ ದೊಡ್ಡದು ಮಾಡಿ ಹಿಂಬದಿ ನೋಡಿದ್ರ ಹೆಣದದ್ದರಾಗ ಜಡಿ ಹಾಕಿಧಂಗ ಸಾಲು ಕಾಣತಾವ. ಆಮ್ಯಾಲೆ ತುಣುಕನ್ನ ಎರಡೂ ಕೈಲೆ ಬಿಗಿ ಹಿಡದು ಕೆಳಗಿಂದ ಹೆಬ್ಬೆಟ್ಟಿಲೆ ಒತ್ತಿ ನೂರು ಎಣಸ್ರಿ. ಬಿಟ್ಟ ಮ್ಯಾಲೆ ಗುಬ್ಬಿ ಉಳದ್ರ ಆ ಅರಿವಿ ಅಂಗಡ್ಯಾಗ ಉಳೀಲಿ.

ನಮ್ಮ ಸೋಫಾಕ್ಕ ಈಗ ಇರೋದು ಹತ್ತಿ, ಪಾಲಿಯೆಸ್ಟರ್ ಕೂಡಿಸಿ ಬಿಗಿಯಾಗಿ ನೇಯ್ದದ್ದು. ಮಣ್ಣಿನ ಬಣ್ಣ, ನೋಡಾಕ ಸಾದಾ. ಹಾಸು ಬೆನ್ನಿನ ಕಡಿಯಿಂದ ಮುಂದಿನ ಅಂಚಿಗೆ ಬರೋಹಂಗ ಇಟ್ಟು ಮುತ್ಯಾ ಹೊಲದು ಕೊಟ್ಟ. ಎರಡು ವರ್ಷದ ಮ್ಯಾಲಾತು, ನಾ ಅದನ್ನ ತಟ್ಟಿಲ್ಲ, ತುರುಕಿಲ್ಲ. ಬೆಣ್ಣಿ ವೆಲ್ವೆಟ್ ಬಿಚ್ಚಿ ಹೊಲಿಗಿ ಮಷೀನಿಗೂ ಮಿಕ್ಸರಿಗೂ ಗೌಸಣಿಗಿ ಹೊಲದೀನಿ. ಅತ್ತಿಯವರು ತಮ್ಮ ಜಾಗದ ಮ್ಯಾಲಿನ ಧೋತ್ರ ತಾವ ತಗದು ಕಪಾಟಿನಾಗ ಇಟ್ರು. ರೊಕ್ಕ ಎರಡು ಸಲ ಹೋತು, ಎರಡನೇ ಸಲದ್ದು ನಂದು.

ವೈನಿ, ನೀವು ಇನ್ನೂ ಅಡ್ವಾನ್ಸ್ ಕೊಟ್ಟಿಲ್ಲ ಅಂದಿದ್ರಿ. ಒಂದು ಗೇಣು ತುಣುಕು ಕೇಳಿ ತಗೊಂಡು ಶುಕ್ರವಾರ ಮಧ್ಯಾಹ್ನ ಬರ್ರಿ, ಸೂಜಿ ನನ್ನ ಹತ್ರ ಅದ. ಕೊಡಂಗಿಲ್ಲ ಅಂದ್ರ ಅಂಗಡಿ ಬದಲಿ ಮಾಡೋಣು. ಬರೋವಾಗ ನಿಮ್ಮ ಹಳೇ ಗಾದಿಯ ಅಳತಿ ಬರಕೊಂಡು ಬರ್ರಿ, ಸೋಫಾ ಅರಿವಿಯ ಪನ್ನಾ 54 ಇಂಚು ಹಿಡಕೊಂಡು ಎಷ್ಟು ಮೀಟರ್ ಬೇಕಂತ ಕೂತು ಲೆಕ್ಕಾ ಹಾಕೋಣು.